ಕನ್ನಂಬಾಡಿಯ ನೀರು, ಶಿವಪುರದ ಬಾವುಟ

1938ರ ಏಪ್ರಿಲ್. ಮದ್ದೂರಿನ ಪಕ್ಕದ ಈ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ. ತಿರುಮಲೇಗೌಡರು ಜಾಗಕ್ಕೆ ತಮ್ಮ ಜಮೀನನ್ನೇ ಬಿಟ್ಟುಕೊಟ್ಟರು. ತ್ರಿವರ್ಣ ಬಾವುಟ ಹಾರಿಸಕೂಡದೆಂದು ಸರ್ಕಾರದ ಆಜ್ಞೆ. ಆದರೂ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಹಾರಿಸಿದರು, ಬಂಧನಕ್ಕೊಳಗಾದರು. ನಡುವೆ ಚರಕವಿದ್ದ ಖಾದಿ ಬಾವುಟ ಅದು.

ಇಲ್ಲಿ ಸೇರಿದ್ದ ರೈತರ ಸಂಕಟವನ್ನೂ ನೆನೆಯಬೇಕು. ಅವರು ಮೀರಿದ್ದು ಪರಕೀಯರ ಆಜ್ಞೆಯನ್ನಲ್ಲ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದ ಆಜ್ಞೆಯನ್ನು. ಕನ್ನಂಬಾಡಿ ಕಟ್ಟೆ ಕಟ್ಟಿಸಿ, ರಾಗಿ ಹೊಲಕ್ಕೆ ನಾಲೆ ನೀರು ಹರಿಸಿ, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಗೆ ದಾರಿ ಮಾಡಿದ ದೊರೆ ಅವರು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ದೇವರ ಪಟಗಳ ಜೊತೆ ನಾಲ್ವಡಿಯವರ ಪಟವಿದೆ. ಜನ ಕೇಳಿದ್ದು ಅರಸರನ್ನು ಇಳಿಸಿ ಎಂದಲ್ಲ, ಅವರ ನೆರಳಿನಲ್ಲೇ ಪ್ರಜೆಗಳಿಗೆ ಹೊಣೆಯಾಗುವ ಸರ್ಕಾರ ಬರಲಿ ಎಂದು. ಒಂದೇ ಎದೆಯಲ್ಲಿ ಎರಡೂ ನಿಷ್ಠೆ ಇದ್ದವು, ಎರಡೂ ನಿಜವಾಗಿದ್ದವು.

ಗೆಳೆತನದ ಕಥೆಯೂ ಇದೆ. ಎಚ್.ಕೆ. ವೀರಣ್ಣಗೌಡ, ಕೆ.ಸಿ. ರೆಡ್ಡಿ, ಎಚ್.ಸಿ. ದಾಸಪ್ಪ ಮೊದಲಾದವರು ಬೇರೆ ಪಕ್ಷದಲ್ಲಿದ್ದವರು. ಹಳೆಯ ಪೈಪೋಟಿ ಮರೆತು 1937ರಲ್ಲಿ ಕಾಂಗ್ರೆಸ್ಸಿಗೆ ಬಂದರು.

ಶಿವಪುರದ ಅಧಿವೇಶನ ನಡೆದ ಅದೇ 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಇದೇ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಗೋಲಿಬಾರ್ ಆಗಿ ಜೀವಗಳು ಹೋದವು. ಬಳಿಕ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಯಿತು: ಸಮಾರಂಭಗಳಲ್ಲಿ ಮೈಸೂರಿನ ಬಾವುಟ, ತ್ರಿವರ್ಣ ಎರಡೂ ಜೊತೆಯಾಗಿ ಹಾರಬಹುದು. ಈ ನೆಲದ ರೈತ ಅವೆರಡನ್ನೂ ಅದಾಗಲೇ ಎದೆಯೊಳಗೆ ಹಾರಿಸಿಕೊಂಡಿದ್ದ.