ಶಾಖಾನಗರ ಬೆಟಗೇರಿ

ಅಮರಕೋಶದ ಪುರವರ್ಗದಲ್ಲಿ ‘ಶಾಖಾನಗರ’ ಎಂಬದೊಂದು ಶಬ್ದವಿರುವದು. ಮೂಲನಗರಕ್ಕಿಂತ ಬೇರೆಯಾಗಿರುವ ಪುರಕ್ಕೆ ಕೋಶಕಾರನು ಈ ಹೆಸರನ್ನು ಕೊಟ್ಟಿರುವನು. ನಗರವು ಗಿಡ, ಅದರ ಮಗ್ಗುಲಿನ ವಸತಿಯು ಕೊಂಬೆ ಎಂಬ ಭಾವನೆಯು ಈ ಶಬ್ದದಲ್ಲಿ ಅಡಗಿದೆ. ಗದಗಕ್ಕೆ ಹತ್ತಿಕೊಂಡಿರುವ ಬೆಟಗೇರಿಯನ್ನು ಹಲವರು ಈ ಬಗೆಯ ಕೊಂಬೆಯೆಂದೇ ಎಣಿಸುವರು. ಆದರೆ ಅದರ ಇತಿಹಾಸವನ್ನು ತುಸು ವಿಚಾರಿಸಿದರೆ, ಕೊಂಬೆಯು ಬೊಡ್ಡೆಯನ್ನು ಎಷ್ಟು ಪೋಷಿಸಿತೆಂಬದು ಕಂಡುಬರುವದು.

ಗದಗದ ಪ್ರಾಚೀನ ವೈಭವವನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕ್ರತುಕವೆಂದು ಶಾಸನಗಳಲ್ಲಿ ಕರೆಯಿಸಿಕೊಂಡ ಈ ಅಗ್ರಹಾರದ ತ್ರಿಕೂಟೇಶ್ವರನಿಗೆ ಹೊಯ್ಸಳ ವೀರಬಲ್ಲಾಳನು ಕ್ರಿ. ಶ. 1192ರಲ್ಲಿ ದತ್ತಿ ಬಿಟ್ಟಿರುವನು. ವೀರನಾರಾಯಣನ ಸನ್ನಿಧಿಯು ಕುಮಾರವ್ಯಾಸನ ಹೆಸರಿನೊಡನೆ ಎಂದೆಂದಿಗೂ ಬೆಸೆದುಕೊಂಡಿದೆ. ಬೆಟಗೇರಿಗೆ ಇಂಥ ಕೀರ್ತಿಯಿಲ್ಲ. ಅಲ್ಲಿರುವವು ವೀರಗಲ್ಲುಗಳು. ಗುಡಿಯ ಶಾಸನವು ಕೊಟ್ಟವರ ಹೆಸರನ್ನು ಉಳಿಸಿದರೆ, ವೀರಗಲ್ಲು ಸತ್ತವರ ನೆನಪನ್ನು ಉಳಿಸುವದು. ದನ ತುರುಗಳಿಗಾಗಿ, ಊರ ಉಳಿವಿಗಾಗಿ ಪ್ರಾಣ ತೆತ್ತವರ ಈ ಕಲ್ಲುಗಳು ಬೆಟಗೇರಿಯು ನಿನ್ನೆ ಮೊನ್ನೆ ಹುಟ್ಟಿದ ಹೊರಕೇರಿಯಲ್ಲವೆಂಬದಕ್ಕೆ ಸಾಕ್ಷಿಯಾಗಿ ನಿಂತಿರುವವು.

ಮುಂದಿನ ಕಾಲದಲ್ಲಿ ಬೆಟಗೇರಿಯು ನೇಕಾರರ ಊರೆಂದು ಹೆಸರಾಯಿತು. ನೇಕಾರರು ದಟ್ಟವಾದ ಹಳೆಯೂರ ನಡುವೆ ನೆಲೆಸದೆ ಮಗ್ಗುಲ ಬಯಲನ್ನು ಹಿಡಿಯುವದಕ್ಕೆ ಅವರ ಕಸುಬಿನಲ್ಲಿಯೇ ಕಾರಣವುಂಟು. ಮಗ್ಗಕ್ಕೆ ಏರುವ ಮೊದಲು ಹಾಸನ್ನು ಉದ್ದಕ್ಕೆ ಹಿಡಿದು ಬಿಗಿಯಬೇಕು. ಗಂಜಿ ಹಚ್ಚಿ, ಕುಂಚದಿಂದ ತಿದ್ದಿ, ಬಿಸಿಲೇರುವ ಮೊದಲೇ ಆರಿಸಬೇಕು. ಇದಕ್ಕೆ ನೇರವಾದ, ಉದ್ದನೆಯ ಬೀದಿ ಬೇಕು. ಕುಣಿಮಗ್ಗಕ್ಕೆ ನೆಲ ಬೇಕು, ನೆಲದ ತಂಪು ಬೇಕು. ಬಣ್ಣಗಾರನಿಗೆ ನೀರು ಬೇಕು. ಸಂದುಗೊಂದುಗಳ ಊರು ಇವನ್ನೆಲ್ಲ ಒದಗಿಸಲಾರದು. ಆದುದರಿಂದ ನೇಕಾರರ ಕೇರಿಯಲ್ಲಿ ಬೀದಿಯೇ ಕಾರ್ಖಾನೆಯ ಅಂಗಳ, ಮನೆಯೇ ಕಾರ್ಖಾನೆ. ಗಂಡಸು ಮಗ್ಗದ ಕುಣಿಯಲ್ಲಿ ಕುಳಿತರೆ ಹೆಂಗಸು ಕಂಡಿಕೆ ಸುತ್ತುವಳು. ಮುದುಕರು ತುಂಡಾದ ಎಳೆಗಳನ್ನು ಹೊಸೆಯುವರು. ಲಾಳಿಯ ಸಪ್ಪಳದಲ್ಲಿಯೇ ಮಕ್ಕಳು ನಿದ್ದೆಹೋಗುವರು. ಉಣ್ಣುವ ತಾಣವೂ ದುಡಿಯುವ ತಾಣವೂ ಒಂದೇ ಆಗಿರುವ ಈ ಬಾಳಿನ ರೀತಿಯೇ ಹಳೆಯ ಶಾಖಾನಗರದ ತಿರುಳು.

ಗದಗದ ಪೇಟೆಗೂ ಈ ಮಗ್ಗಗಳಿಗೂ ಇದ್ದ ಸಂಬಂಧವು ಹಾಸುಹೊಕ್ಕಿನದು. ಎರೆಯ ನೆಲದ ಈ ನಾಡಿನಲ್ಲಿ ಹತ್ತಿಯೇ ಧನ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯ ಬಂಡಿಗಳಿಗೆ ಗದಗವೇ ದೊಡ್ಡ ಪೇಟೆ. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ಬರದಾಗಿ, ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ವ್ಯಾಪಾರಿಯು ಗದಗದಲ್ಲಿ, ನೇಕಾರನು ಬೆಟಗೇರಿಯಲ್ಲಿ. ಒಬ್ಬನಿಲ್ಲದೆ ಮತ್ತೊಬ್ಬನಿಗೆ ನಡೆಯದು. 1859ರಲ್ಲಿ ಮುನಸಿಪಾಲಿಟಿ ಸ್ಥಾಪಿತವಾದಾಗ ಎರಡೂ ಊರುಗಳನ್ನು ಕೂಡಿಸಿ ಒಂದೇ ಪೌರಸಭೆಯನ್ನು ಮಾಡಿದ್ದು ಸಹಜವೇ ಆಗಿತ್ತು. ಊರುಗಳು ಕೂಡಿದವು, ಹೆಸರುಗಳು ಮಾತ್ರ ಎರಡಾಗಿಯೇ ಉಳಿದವು.

1876ರಿಂದ 1878ರ ವರೆಗಿನ ಘೋರ ಬರಗಾಲದಲ್ಲಿ ಈ ನಂಟಿನ ದೌರ್ಬಲ್ಯವು ಬಯಲಾಯಿತು. ಹೊಟ್ಟೆಗಿಲ್ಲದವನು ಸೀರೆ ಕೊಳ್ಳನು. ಒಕ್ಕಲಿಗನ ಕಣ ಬರಿದಾದರೆ ನೇಕಾರನ ಮಗ್ಗವೂ ನಿಲ್ಲುವದು. ಇಂಥ ಬರಗಾಲದಲ್ಲಿ ಧಾನ್ಯ ಸಾಗಿಸಲು ಅನುಕೂಲವಾಗಲೆಂದು ದಕ್ಷಿಣ ಮರಾಠಾ ರೈಲ್ವೆಯವರು ಹೊಟಗಿಯಿಂದ ಗದಗದ ವರೆಗೆ ಹಾಕಿದ ಹಾದಿಯು 1884ರಲ್ಲಿ ತೆರೆಯಿತು. ಅದೇ ದಶಕದಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದ ಸುತ್ತಲೂ ರೈಲುಹಾದಿಗಳ ಗುಂಟ ಉಪನಗರಗಳು ಏಳುತ್ತಿದ್ದವು. ಅಲ್ಲಿ ನಿವೇಶನಗಳ ಬೆಲೆ ಮುಗಿಲಿಗೇರಿ, 1890ರ ದಶಕದ ಮೊದಲಲ್ಲಿ ನೆಲಕ್ಕೆ ಕುಸಿಯಿತು. ಅಲ್ಲಿಯ ರೈಲು ದುಡಿಮೆಗಾರನನ್ನು ನಗರದಿಂದ ಮನೆಗೆ ಕರೆದೊಯ್ಯುವದಾಗಿತ್ತು. ಇಲ್ಲಿಯ ರೈಲು ಹತ್ತಿಯ ಅಂಡಿಗೆಗಳನ್ನು ಹೊರಗೆ ಒಯ್ದು, ಗಿರಣಿಯ ಅಗ್ಗದ ಬಟ್ಟೆಯನ್ನು ಒಳಗೆ ತಂದಿತು. ಬರಗಾಲದಿಂದ ಕಾಯಲು ಬಂದ ಹಾದಿಯೇ ಮಗ್ಗಕ್ಕೆ ಎದುರಾಳಿಯನ್ನೂ ತಂದಿತೆಂಬದು ಕಾಲದ ವಿಚಿತ್ರ ಗತಿ.

ಹಾಗಿದ್ದರೂ ಬೆಟಗೇರಿಯು ಕೈ ಚಾಚಿ ಕೂಡ್ರಲಿಲ್ಲ. ಗಿರಣಿಯ ನೂಲನ್ನೇ ಕೊಂಡು ತನ್ನ ಸೀರೆಗಳನ್ನು ನೇಯ್ದಿತು. 1901ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆಯು 30,652 ಆಗಿತ್ತು. ಬಾಸೆಲ್ ಮಿಶನ್ನಿನವರು ನೆಲೆ ಮಾಡಿದ್ದೂ ಬೆಟಗೇರಿಯಲ್ಲಿಯೇ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅವರು ನಡೆಯಿಸಿದ ಆಸ್ಪತ್ರೆಯು ‘ಜರ್ಮನ್ ದವಾಖಾನೆ’ಯೆಂದು ಜನರ ಬಾಯಲ್ಲಿ ನಿಂತಿತು. ಮೂಲನಗರದ ರೋಗಿಯು ಮದ್ದಿಗಾಗಿ ಶಾಖಾನಗರಕ್ಕೆ ನಡೆದುಬರುವಂತಾಯಿತು.

ಇಷ್ಟರಲ್ಲಿ ಮತ್ತೊಂದು ಬಗೆಯ ಉಪನಗರವು ಕನ್ನಡನಾಡಿನಲ್ಲಿ ಹುಟ್ಟಿತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲುಹಾದಿಗಳನ್ನು ಹಿಡಿದು ಒಳನಾಡಿಗೆ ಇಳಿದು, 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿಗಳೂ ಮನೆಗಳ ಹಿಂದೆ ಗಲ್ಲಿಗಳೂ ಉಳ್ಳ ಬಡಾವಣೆಗಳು ಎದ್ದವು. ಗಾಳಿ ಬೆಳಕುಗಳಿಂದ ಆರೋಗ್ಯವು ಹೆಚ್ಚಿತೆಂಬದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿಯ ಅಗಲವಾದ ಬೀದಿಯು ಹಾಸು ಹಾಯಿಸುವದಕ್ಕಲ್ಲ. ಬೆಳಿಗ್ಗೆ ಕಚೇರಿಗೆ ಹೋಗಿ ಸಂಜೆಗೆ ಮರಳುವದಕ್ಕೆ. ವಸತಿಯೂ ವೃತ್ತಿಯೂ ಅಲ್ಲಿ ಅಗಲಿದವು. ಮುಂದೆ ನಾಡಿನ ಸಣ್ಣ ಊರುಗಳೂ ಈ ಮಾದರಿಯನ್ನೇ ಹಿಡಿದವು.

1997ರಲ್ಲಿ ಗದಗವು ಜಿಲ್ಲೆಯ ಮುಖ್ಯ ಸ್ಥಳವಾಯಿತು. 2011ರ ಗಣತಿಗೆ ಅವಳಿನಗರದ ಜನಸಂಖ್ಯೆಯು 1,72,000ವನ್ನು ಮೀರಿತು. ಹುಡ್ಕೋ ಕಾಲನಿ, ಸಿದ್ಧಲಿಂಗನಗರ ಮೊದಲಾದ ಹೊಸ ವಸತಿಗಳು ಹಬ್ಬಿವೆ. ಬೆಟಗೇರಿಯಲ್ಲಿ ವಿದ್ಯುತ್ತಿನ ಮಗ್ಗಗಳು ಬಂದು ಕೈಮಗ್ಗದ ಜಾಗವನ್ನು ಹಿಡಿದಿವೆ. ನೇಕಾರರ ಮಕ್ಕಳು ಅನ್ಯವೃತ್ತಿಗಳಿಗೆ ಹೊರಳುತ್ತಿರುವರು. ಬಡತನದ ಕಸುಬಿನಲ್ಲಿಯೇ ಅವರು ಇರಬೇಕೆಂದು ಯಾರೂ ಹೇಳಲಾಗದು. ಕುಣಿಮಗ್ಗದಲ್ಲಿ ಬೆನ್ನು ಬಾಗಿಸಿದವರಿಗೇ ಅದರ ಕಷ್ಟ ಗೊತ್ತು.

ಆದರೂ ಊರು ಬೆಳೆಯಿಸುವವರು ಬೆಟಗೇರಿಯಿಂದ ಒಂದು ಪಾಠವನ್ನು ಕಲಿಯಬಹುದು. ಬರಿಯ ಮನೆಗಳ ಸಾಲಿನಿಂದ ಊರಾಗದು. ಅಲ್ಲಿ ದುಡಿಮೆ ಬೇಕು, ಮದ್ದಿನ ಮನೆ ಬೇಕು, ಸತ್ತವರ ನೆನಪಿಗೆ ನಿಂತ ನಾಲ್ಕು ಕಲ್ಲುಗಳಾದರೂ ಬೇಕು. ಇವೆಲ್ಲ ಇದ್ದುದರಿಂದಲೇ ಬೆಟಗೇರಿಯು ದೊಡ್ಡ ಊರಿನ ಮಗ್ಗುಲಲ್ಲಿದ್ದೂ ತನ್ನ ಹೆಸರನ್ನು ಕಳೆದುಕೊಳ್ಳದೆ, ಗದಗದ ಹೆಸರಿನೊಡನೆ ಸರಿಸಮವಾಗಿ ಬರೆಯಿಸಿಕೊಳ್ಳುತ್ತಲಿದೆ. ಹೊಸ ಬಡಾವಣೆಗಳಿಗೂ ಅಂಥ ಒಂದು ಹೆಸರು ಬರಬೇಕಾದರೆ, ಅಲ್ಲಿ ನೆಲೆಸಿದವರು ಏನನ್ನು ನೇಯುವರೆಂಬದನ್ನು ಕಾಲವು ಕೇಳಿಯೇ ಕೇಳುವದು.