ಕ್ರಯಪತ್ರದ ಸುಂಕವೂ ನಗರದ ಬೊಕ್ಕಸವೂ

ನಗರದಲ್ಲಿ ಮನೆಯೊಂದನ್ನು ಕೊಂಡವನು ಎರಡು ಬಗೆಯ ತೆರಿಗೆಗೆ ಒಳಗಾಗುತ್ತಾನೆ. ಕೊಂಡ ದಿನ ಕ್ರಯಪತ್ರದ ಮೇಲೆ ಮುದ್ರಾಂಕ ಶುಲ್ಕವನ್ನು ಸಲ್ಲಿಸಬೇಕು. ಕೊಂಡ ಬಳಿಕ ವರ್ಷ ವರ್ಷವೂ ಮನೆಯ ಮೇಲಿನ ತೆರಿಗೆಯನ್ನು ತೆರಬೇಕು. ಮೊದಲನೆಯದು ಒಂದೇ ಸಲದ್ದು, ಆದರೆ ಭಾರವಾದುದು. ಎರಡನೆಯದು ಹಗುರವಾದುದು, ಆದರೆ ನಿರಂತರವಾದುದು. ಬೀದಿಯ ದೀಪ, ನಲ್ಲಿಯ ನೀರು, ಚರಂಡಿ, ಆಸ್ಪತ್ರೆ, ಪ್ರಾಥಮಿಕ ಶಾಲೆ ಇವೆಲ್ಲವೂ ನಿತ್ಯದ ಸೇವೆಗಳು. ನಿತ್ಯದ ಸೇವೆಗೆ ನಿತ್ಯದ ತೆರಿಗೆಯೇ ಆಧಾರವಾಗಿರಬೇಕೆಂದು ಯಾರಾದರೂ ನಿರೀಕ್ಷಿಸುವುದು ಸಹಜ. ಆದರೆ ನಮ್ಮ ಮಹಾನಗರಗಳ ಹಣಕಾಸಿನ ಇತಿಹಾಸವು ಈ ನಿರೀಕ್ಷೆಯ ಹಾದಿಯಲ್ಲಿ ಸಾಗಿಲ್ಲ. ಅದು ಎಲ್ಲಿ, ಯಾವ ಒತ್ತಡದಿಂದ ಬೇರೆ ದಾರಿ ಹಿಡಿಯಿತೆಂಬುದನ್ನು ಮುಖ್ಯವಾಗಿ ಮುಂಬಯಿಯ ದೃಷ್ಟಾಂತದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಒಂದು ಸ್ಥಳದ ಸೇವೆಗೆ ಆ ಸ್ಥಳದ ಉತ್ಪತ್ತಿಯನ್ನೇ ಮೀಸಲಿಡುವ ಪದ್ಧತಿ ನಮಗೆ ಹೊಸದಲ್ಲ. ಕನ್ನಡ ಶಾಸನಗಳನ್ನು ಓದಿದವರಿಗೆ ‘ಮನೆವಣ’ವೆಂಬ ಮನೆಯ ತೆರಿಗೆಯೂ, ಕೆರೆಯನ್ನು ಕಟ್ಟಿದವನಿಗೋ ದುರಸ್ತಿ ಮಾಡಿದವನಿಗೋ ಬಿಟ್ಟುಕೊಡುತ್ತಿದ್ದ ‘ಕಟ್ಟುಕೊಡಗೆ’ಯ ಭೂಮಿಯೂ ಪರಿಚಿತವಾದುವು. ಸಂತೆಯ ಸುಂಕದಲ್ಲಿ ಒಂದು ಪಾಲನ್ನು ದೇಗುಲದ ನಂದಾದೀಪಕ್ಕೆ ಬಿಟ್ಟ ದತ್ತಿಗಳೂ ಹಲವು. ಇವುಗಳಲ್ಲೆಲ್ಲ ತೆತ್ತವನಿಗೆ ತನ್ನ ಹಣ ಎಲ್ಲಿಗೆ ಹೋಯಿತೆಂಬುದು ಕಣ್ಣಿಗೆ ಕಾಣುತ್ತಿತ್ತು. ಅದು ಶಿಲೆಯ ಮೇಲೆ ಬರೆದೂ ಇರುತ್ತಿತ್ತು. ಮುದ್ರಾಂಕ ಶುಲ್ಕದ ಚರಿತ್ರೆಯಲ್ಲಿ ಈ ಕಾಣುವ ಸಂಬಂಧವು ಕ್ರಮೇಣ ಮರೆಯಾಗುತ್ತ ಹೋಗುವುದನ್ನು ನೋಡುತ್ತೇವೆ.

ಮುದ್ರಾಂಕದ ಜನ್ಮಭೂಮಿ ಯುರೋಪು. 1624ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ ಈ ಕರವನ್ನು ಇಂಗ್ಲೆಂಡು 1694ರಲ್ಲಿ ಫ್ರಾನ್ಸಿನೊಡನೆ ನಡೆದಿದ್ದ ಯುದ್ಧದ ವೆಚ್ಚಕ್ಕಾಗಿ ಸ್ವೀಕರಿಸಿತು. ಯುದ್ಧ ಮುಗಿದರೂ ಕರ ಮುಗಿಯಲಿಲ್ಲ. ಭಾರತಕ್ಕೆ ಅದು ಬಂದ ಬಗೆ ಮಾತ್ರ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಬಂಗಾಳದಲ್ಲಿ 1793ರಲ್ಲಿ ಕಾರ್ನ್‌ವಾಲಿಸನ ಆಡಳಿತವು ದರೋಗಾಗಳನ್ನು ನೇಮಿಸಿ, ಆ ಕಾವಲಿನ ವೆಚ್ಚಕ್ಕೆಂದು ವರ್ತಕರ ಮತ್ತು ಅಂಗಡಿಕಾರರ ಮೇಲೆ ಪೊಲೀಸು ತೆರಿಗೆಯನ್ನು ವಿಧಿಸಿತು. ಆ ತೆರಿಗೆಯು ಬಹುಕಾಲ ಬಾಳಲಿಲ್ಲ. 1797ರ ಆರನೆಯ ರೆಗ್ಯುಲೇಷನ್ ಅದನ್ನು ರದ್ದುಗೊಳಿಸಿ, ಅದರಿಂದಾದ ಕೊರತೆಯನ್ನು ತುಂಬಲು ಛಾಪಾ ಕಾಗದವನ್ನು ಜಾರಿಗೆ ತಂದಿತು. ಅಂದರೆ ಊರಿನ ಕಾವಲೆಂಬ ಸ್ಥಳೀಯ ಸೇವೆಗೆ ಇದ್ದ ನೇರವಾದ ತೆರಿಗೆಯೊಂದು ಅಳಿದು, ಅದರ ಸ್ಥಾನದಲ್ಲಿ ಪತ್ರದ ಮೇಲಿನ ಪರೋಕ್ಷವಾದ ತೆರಿಗೆ ಬಂದಿತು. ಕಾವಲಿಗೆಂದು ಹಣ ಕೊಡುವವನು ಕಾವಲುಗಾರನೆಲ್ಲಿ ಎಂದು ಕೇಳಬಲ್ಲ. ಕಾಗದವನ್ನು ಕೊಳ್ಳುವವನು ಏನನ್ನು ತಾನೆ ಕೇಳಬಲ್ಲ? ನಮ್ಮ ದೇಶದಲ್ಲಿ ಮುದ್ರಾಂಕದ ಪ್ರಥಮಾಧ್ಯಾಯದಲ್ಲಿಯೇ ಈ ಪ್ರಶ್ನೆ ಅಡಗಿದೆ.

ಮದರಾಸಿನಲ್ಲಿ 1808ರಲ್ಲಿಯೂ ಮುಂಬಯಿಯಲ್ಲಿ 1815ರಲ್ಲಿಯೂ ಇಂಥವೇ ರೆಗ್ಯುಲೇಷನ್ನುಗಳು ಬಂದುವು. ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಕಾಯಿದೆ 1860ರಲ್ಲಿ ಆಯಿತು. ಹಲವು ತಿದ್ದುಪಡಿಗಳ ತರುವಾಯ 1899ರ ಭಾರತ ಮುದ್ರಾಂಕ ಕಾಯಿದೆಯು ನೆಲೆನಿಂತಿತು. ಅಷ್ಟರಲ್ಲಿ ಈ ಶುಲ್ಕವು ಯಾವ ಊರಿನದೂ ಅಲ್ಲದ, ಸರಕಾರದ ಸಾಮಾನ್ಯ ಆದಾಯವಾಗಿ ಪರಿಣಮಿಸಿದ್ದಿತು.

ಇದೇ ಕಾಲದಲ್ಲಿ ಮುಂಬಯಿಗೆ ಮಹಾವಿಪತ್ತೊಂದು ಒದಗಿತು. 1896ರಲ್ಲಿ ಮಾಂಡವಿಯ ಭಾಗದಲ್ಲಿ ಕಾಣಿಸಿಕೊಂಡ ಪ್ಲೇಗು ನಗರವನ್ನು ತಲ್ಲಣಗೊಳಿಸಿತು. ಗಾಳಿ ಬೆಳಕಿಲ್ಲದ ಚಾಳುಗಳೂ ಕೆಟ್ಟ ಚರಂಡಿಗಳೂ ರೋಗಕ್ಕೆ ಆಶ್ರಯವೆಂಬ ಅಭಿಪ್ರಾಯ ಬಲವಾಗಿ, 1898ರ ಕಾಯಿದೆಯ ಮೂಲಕ ಮುಂಬಯಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಮೊದಲಾದ ವಿಶಾಲವಾದ ಬೀದಿಗಳೂ, ಉತ್ತರದಲ್ಲಿ ದಾದರ, ಮಾಟುಂಗಾ, ವಡಾಲಾ, ಸಾಯನ್ ಬಡಾವಣೆಗಳೂ ಅದರ ಕೃತಿಗಳು. ದಕ್ಷಿಣ ದೇಶದಿಂದ ಹೊಟ್ಟೆಪಾಡಿಗಾಗಿ ಬಂದ ಮಧ್ಯಮ ವರ್ಗದವರು ನೆಲೆನಿಂತುದು ಈ ಬಡಾವಣೆಗಳಲ್ಲಿಯೇ. ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ನಿನ ಕಟ್ಟಡವನ್ನು ಹೊಕ್ಕು ಬರುವ ಕನ್ನಡಿಗನು ಈ ಟ್ರಸ್ಟು ರೂಪಿಸಿದ ಬೀದಿಗಳಲ್ಲಿಯೇ ನಡೆಯುತ್ತಾನೆಂಬುದನ್ನು ನೆನೆಯಬೇಕು.

ಈ ಕಾರ್ಯಕ್ಕೆ ಹಣ ಬಂದುದೆಲ್ಲಿಂದ? ಸರಕಾರವೂ ನಗರಸಭೆಯೂ ಟ್ರಸ್ಟಿಗೆ ತಮ್ಮ ಜಮೀನುಗಳನ್ನು ವಹಿಸಿಕೊಟ್ಟವು. ನಗರಸಭೆ ತನ್ನ ವರಮಾನದಿಂದ ವಾರ್ಷಿಕ ವಂತಿಗೆ ನೀಡಿತು. ಮಿಕ್ಕುದಕ್ಕೆ ಟ್ರಸ್ಟು ಸಾಲವೆತ್ತಿತು. ನಿವೇಶನಗಳನ್ನು ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟು ಬಂದ ನೆಲಬಾಡಿಗೆಯಿಂದ ಸಾಲವನ್ನು ತೀರಿಸುವುದು ಅದರ ಲೆಕ್ಕಾಚಾರ. ಬೀದಿಯಿಂದ ನೆಲದ ಬೆಲೆ ಏರಿದರೆ ಆ ಏರಿಕೆಯಿಂದಲೇ ಬೀದಿಯ ಖರ್ಚು ಹುಟ್ಟಬೇಕೆಂಬ ತತ್ತ್ವ ಇಲ್ಲಿದೆ. ಟ್ರಸ್ಟು ಬಡವರ ಮನೆಗಳನ್ನು ಕೆಡವಿದಷ್ಟು ಬೇಗ ಕಟ್ಟಿಕೊಡಲಿಲ್ಲವೆಂಬ ಆಕ್ಷೇಪಣೆ ಅಂದೂ ಇದ್ದಿತು, ಅದರಲ್ಲಿ ಹುರುಳೂ ಇದ್ದಿತು. 1933ರಲ್ಲಿ ಟ್ರಸ್ಟಿನ ಅಧಿಕಾರವೆಲ್ಲ ನಗರಸಭೆಯಲ್ಲಿ ಲೀನವಾಯಿತು.

ಕಲಕತ್ತೆಯು ಬೇರೊಂದು ಮಾರ್ಗವನ್ನು ತುಳಿಯಿತು. 1911ರ ಕಲಕತ್ತಾ ಸುಧಾರಣಾ ಕಾಯಿದೆಯು ಪುರಸಭೆಯ ವಂತಿಗೆಯ ಜೊತೆಗೆ ಮೂರು ಹೊಸ ಮೂಲಗಳನ್ನು ತೋರಿಸಿತು: ರಫ್ತಾಗುವ ಸೆಣಬಿನ ಮೇಲೊಂದು ಸುಂಕ, ರೈಲು ಮತ್ತು ಉಗಿಹಡಗುಗಳ ಪ್ರಯಾಣಿಕರ ಮೇಲೆ ಅರ್ಧಾಣೆಯ ತೆರಿಗೆ, ಮತ್ತು ನಗರದಲ್ಲಿ ಸ್ಥಾವರ ಸ್ವತ್ತಿನ ಕ್ರಯ, ದಾನ, ಭೋಗ್ಯಗಳಾದಾಗ ಮುದ್ರಾಂಕ ಶುಲ್ಕದ ಜೊತೆಗೆ ಬೆಲೆಯ ಮೇಲೆ ಶೇಕಡಾ 2ರಷ್ಟು ಅಧಿಕ ಶುಲ್ಕ. ಇದರಲ್ಲೊಂದು ಸೂಕ್ಷ್ಮವಿದೆ. ನೆಲೆನಿಂತ ಮನೆಯೊಡೆಯನ ಮೇಲೆ ಹೊರೆಯನ್ನು ಇನ್ನಷ್ಟು ಹೆಚ್ಚಿಸುವುದು ಕಷ್ಟ. ಆತನಿಗೆ ಮತವಿದೆ, ಸಭೆಯಲ್ಲಿ ದನಿಯಿದೆ. ಬರುವವನ ಮೇಲೆ, ಹೋಗುವವನ ಮೇಲೆ, ಕೊಳ್ಳುವವನ ಮೇಲೆ ಹೊರಿಸುವುದು ಸುಲಭ. ಆದರೂ ಕಲಕತ್ತೆಯ ಏರ್ಪಾಡಿಗೆ ಒಂದು ದೊಡ್ಡ ಗುಣವಿದ್ದಿತು: ಆ ಶೇಕಡಾ 2 ಪ್ರಾಂತ ಸರಕಾರದ ಸಮುದ್ರದಲ್ಲಿ ಬೆರೆಯದೆ, ಅದೇ ನಗರದ ಸುಧಾರಣೆಗೆ ಕಾಯಿದೆಯಿಂದಲೇ ಮೀಸಲಾಗಿದ್ದಿತು.

ಈ ಮಾದರಿ ಬೇಗನೆ ಹರಡಿತು. ಸಂಯುಕ್ತ ಪ್ರಾಂತದ 1919ರ ಕಾಯಿದೆಯಲ್ಲಿಯೂ ನಾಗಪುರದ 1936ರ ಕಾಯಿದೆಯಲ್ಲಿಯೂ ಹಕ್ಕು ವರ್ಗಾವಣೆಯ ಶುಲ್ಕವಿದೆ. ದಿಲ್ಲಿಯ 1957ರ ನಗರಸಭಾ ಕಾಯಿದೆಯೂ, ಕರ್ನಾಟಕದ 1976ರ ಮಹಾನಗರಪಾಲಿಕೆಗಳ ಕಾಯಿದೆಯೂ ಇದನ್ನು ಸ್ವೀಕರಿಸಿದುವು. ಮಹಾರಾಷ್ಟ್ರದ 1961ರ ಜಿಲ್ಲಾ ಪರಿಷತ್ತುಗಳ ಕಾಯಿದೆಯು ಹಳ್ಳಿಗಾಡಿಗೂ ಇದನ್ನು ವಿಸ್ತರಿಸಿತು. ಹೀಗೆ ಒಂದು ನಗರದ ವಿಶೇಷ ಕಾರ್ಯಕ್ಕಾಗಿ ಹುಟ್ಟಿದುದು ಎಲ್ಲ ಸ್ಥಳೀಯ ಸಂಸ್ಥೆಗಳ ನಿತ್ಯಾಧಾರಗಳಲ್ಲಿ ಒಂದಾಯಿತು.

ಮುಂಬಯಿಯಲ್ಲಿ ಮನೆತೆರಿಗೆಯ ಕಥೆ ಬೇರೆಯಾಗಿ ನಡೆಯಿತು. ಮನೆಯು ವರ್ಷಕ್ಕೆ ತರಬಹುದಾದ ಬಾಡಿಗೆಯೇ ಅದಕ್ಕೆ ಆಧಾರ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆಗಳನ್ನು ಹಿಡಿದು ನಿಲ್ಲಿಸಿತು. ಬಾಡಿಗೆದಾರನ ರಕ್ಷಣೆಗೆ ಅದು ಅಗತ್ಯವಾಗಿದ್ದಿರಬಹುದು. ಆದರೆ ಬಾಡಿಗೆಯೊಡನೆ ತೆರಿಗೆಯೂ ನಿಂತಿತು. ದೇವನ್ ದೌಲತ್ ರಾಯ್ ಕಪೂರ್ ಮೊಕದ್ದಮೆಯಲ್ಲಿ 1979ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾಯಿದೆ ಗೊತ್ತುಪಡಿಸಿದ ಬಾಡಿಗೆಯನ್ನು ಮೀರಿ ತೆರಿಗೆಯ ಮೌಲ್ಯವನ್ನು ನಿಗದಿ ಮಾಡಲಾಗದೆಂದು ತೀರ್ಪಿತ್ತಿತು. ಸಮುದ್ರದೆದುರಿನ ಹಳೆಯ ಕಟ್ಟಡವೊಂದು ಪೇಟೆಯಲ್ಲಿ ಎಷ್ಟೇ ಬೆಲೆಬಾಳಲಿ, ನಗರಸಭೆಯ ಪುಸ್ತಕದಲ್ಲಿ ಅದು ಬಡವನ ಗುಡಿಸಿಲಿಗೆ ಸಮೀಪವಾಗಿಯೇ ಉಳಿಯಿತು. 2010ರ ಏಪ್ರಿಲಿನಿಂದ ಬಂಡವಾಳ ಮೌಲ್ಯದ ಪದ್ಧತಿ ಬಂದ ಮೇಲೆಯೇ ಈ ಗಂಟು ಕಾಯಿದೆಯ ಮಟ್ಟಿಗೆ ಸಡಿಲವಾದುದು.

ಈ ನಡುವಣ ದಶಕಗಳಲ್ಲಿ ನಗರವನ್ನು ಸಾಕಿದುದು ಜಕಾತಿ. ನಗರದ ಗಡಿಯನ್ನು ದಾಟಿ ಒಳಬರುವ ಸರಕಿನ ಮೇಲಿನ ಈ ಸುಂಕವು ಅದರ ವರಮಾನದ ಅತಿದೊಡ್ಡ ಬಾಬಾಗಿದ್ದು, ಕಡೆಯ ವರ್ಷಗಳಲ್ಲಿ ಸುಮಾರು 7,000 ಕೋಟಿ ರೂಪಾಯಿಗಳನ್ನು ತರುತ್ತಿದ್ದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ ಜಕಾತಿ ಅಳಿಯಿತು. ಅದರ ಬದಲಾಗಿ ರಾಜ್ಯ ಸರಕಾರದಿಂದ ಪರಿಹಾರಧನ ಬರುತ್ತದೆ. ಸ್ವಂತ ಗಳಿಕೆಯವನು ಮಾಸಾಶನವನ್ನು ಪಡೆಯುವವನಾದರೆ ಆತನ ಸ್ಥಿತಿ ಏನಾಗುವುದೋ ನಗರಸಭೆಯ ಸ್ಥಿತಿಯೂ ಅದೇ: ಹಣ ಬಂದರೂ ಸ್ವಾತಂತ್ರ್ಯ ಕುಗ್ಗುತ್ತದೆ.

ಸಂವಿಧಾನದ ಏರ್ಪಾಡನ್ನೂ ಇಲ್ಲಿ ಗಮನಿಸಬೇಕು. ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಭೂಮಿ ಮತ್ತು ಕಟ್ಟಡಗಳ ತೆರಿಗೆ 49ನೆಯ ನಮೂದು. ಕ್ರಯಪತ್ರಾದಿಗಳ ಮುದ್ರಾಂಕದ ದರ 63ನೆಯದು. ಎರಡೂ ರಾಜ್ಯದವು. ನಗರಕ್ಕೆಂದೇ ಪ್ರತ್ಯೇಕವಾದ ತೆರಿಗೆಯ ಪಟ್ಟಿ ಇಲ್ಲ. 1992ರಲ್ಲಿ ಅಂಗೀಕೃತವಾಗಿ 1993ರ ಜೂನ್ 1ರಿಂದ ಜಾರಿಯಾದ 74ನೆಯ ತಿದ್ದುಪಡಿಯೂ, ನಗರಸಭೆಗಳು ಯಾವ ತೆರಿಗೆಯನ್ನು ಎತ್ತಬೇಕೆಂಬುದನ್ನು ರಾಜ್ಯದ ಶಾಸನಸಭೆಯ ಇಚ್ಛೆಗೇ ಬಿಟ್ಟಿದೆ. ಆದುದರಿಂದ ನಗರದಲ್ಲಿ ಹುಟ್ಟಿದ ಮುದ್ರಾಂಕದ ಹಣದಲ್ಲಿ ನಗರಕ್ಕೆ ದಕ್ಕುವುದು ರಾಜ್ಯವು ಕೊಟ್ಟಷ್ಟು.

ಇಂದಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಮುಂಬಯಿಯಲ್ಲಿ ಮುದ್ರಾಂಕ ಶುಲ್ಕ ಶೇಕಡಾ 5. ಮೆಟ್ರೋ ಮೊದಲಾದ ಸಾರಿಗೆ ಯೋಜನೆಗಳ ಹೆಸರಿನ ಶೇಕಡಾ 1ರ ಅಧಿಭಾರವು ಎರಡು ವರ್ಷಗಳ ವಿನಾಯಿತಿಯ ತರುವಾಯ 2022ರ ಏಪ್ರಿಲ್ 1ರಿಂದ ಮತ್ತೆ ಕೂಡಿತು. ಒಂದು ಕೋಟಿ ರೂಪಾಯಿನ ಫ್ಲ್ಯಾಟನ್ನು ಕೊಂಡವನು ಆರು ಲಕ್ಷ ರೂಪಾಯಿಗಳನ್ನು ಮುದ್ರಾಂಕಕ್ಕೂ ಮೂವತ್ತು ಸಾವಿರವನ್ನು ನೋಂದಣಿಗೂ ಸಲ್ಲಿಸುತ್ತಾನೆ. ಸ್ತ್ರೀಯರ ಹೆಸರಿನಲ್ಲಿ ಕೊಂಡರೆ ಒಂದಿಷ್ಟು ರಿಯಾಯಿತಿಯುಂಟು. ಇತ್ತ, 500 ಚದರ ಅಡಿಯೊಳಗಿನ ವಾಸದ ಮನೆಗಳಿಗೆ 2022ರ ಜನವರಿ 1ರಿಂದ ಆಸ್ತಿ ತೆರಿಗೆಯ ಮಾಫಿ ದೊರೆತಿದೆ. ಒಂದೇ ಮಹಡಿಯಲ್ಲಿ ಎದುರುಬದುರಾಗಿ 450 ಚದರ ಅಡಿಯ ಎರಡು ಮನೆಗಳಿವೆಯೆನ್ನಿ. ಒಂದರಲ್ಲಿ ಅಜ್ಜನ ಕಾಲದಿಂದ ನೆಲೆಸಿದವನು ನಗರದ ಸೇವೆಗಾಗಿ ಆಸ್ತಿ ತೆರಿಗೆಯ ರೂಪದಲ್ಲಿ ಏನನ್ನೂ ತೆರುವುದಿಲ್ಲ. ಮತ್ತೊಂದನ್ನು ಕಳೆದ ತಿಂಗಳು ಸಾಲ ಮಾಡಿ ಕೊಂಡವನು, ಇನ್ನೂ ಒಂದು ಕೊಡ ನೀರನ್ನು ಹಿಡಿಯುವ ಮುನ್ನವೇ ಲಕ್ಷಗಟ್ಟಲೆ ತೆತ್ತಿರುತ್ತಾನೆ. ಬೀದಿಯ ದೀಪ ಇಬ್ಬರಿಗೂ ಒಂದೇ.

ಕೊಳ್ಳುವ ಶಕ್ತಿಯುಳ್ಳವನು ಕೊಡಬಲ್ಲನೆಂಬುದೂ, ಪತ್ರದ ಮೂಲಕ ವಸೂಲಿ ಸುಲಭವೆಂಬುದೂ ಈ ಶುಲ್ಕದ ಪಕ್ಷದ ವಾದಗಳು. ಅವು ನಿಸ್ಸಾರವಲ್ಲ. ಆದರೆ ದೋಷಗಳು ಮೂರು. ಮೊದಲನೆಯದು, ದರ ಹೆಚ್ಚಿದಂತೆ ಪತ್ರದಲ್ಲಿ ಬೆಲೆ ತಗ್ಗುತ್ತದೆ. ಸರಕಾರವು ತಾನೇ ಬೆಲೆಪಟ್ಟಿಯನ್ನು ಪ್ರಕಟಿಸಬೇಕಾದುದು ಇದರಿಂದಲೇ. ಎರಡನೆಯದು, ಈ ಆದಾಯವು ಪೇಟೆಯೊಡನೆ ಏಳುತ್ತದೆ, ಬೀಳುತ್ತದೆ. 2020ರಲ್ಲಿ ಕೋವಿಡಿನಿಂದ ವ್ಯಾಪಾರ ಕುಸಿದಾಗ ಮಹಾರಾಷ್ಟ್ರ ಸರಕಾರವು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂಬಯಿಯ ಶುಲ್ಕವನ್ನು ಶೇಕಡಾ 2ಕ್ಕೂ, ಮುಂದಿನ ಮೂರು ತಿಂಗಳು ಶೇಕಡಾ 3ಕ್ಕೂ ಇಳಿಸಬೇಕಾಯಿತು. ಆಸ್ಪತ್ರೆಗಳ ಖರ್ಚು ಏರಿದುದೂ ಆಗಲೇ. ಮೂರನೆಯದು, ಅಗತ್ಯಕ್ಕೆ ತಕ್ಕಂತೆ ಮನೆಯನ್ನು ಬದಲಾಯಿಸುವುದಕ್ಕೆ ಇದು ದಂಡವಾಗುತ್ತದೆ. ಕೇಂದ್ರ ಸರಕಾರವು 2005ರಲ್ಲಿ ಆರಂಭಿಸಿದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯು ಮುದ್ರಾಂಕವನ್ನು ಶೇಕಡಾ 5ರ ಮಿತಿಗೆ ಇಳಿಸಬೇಕೆಂದು ರಾಜ್ಯಗಳಿಗೆ ಷರತ್ತು ಹಾಕಿದುದು ಈ ಕಾರಣಗಳಿಂದಲೇ. ಮೂಲದರವು ಹಲವೆಡೆ ಇಳಿಯಿತು. ಅಧಿಭಾರಗಳು ಹಿಂಬಾಗಿಲಿನಿಂದ ಒಳಬಂದುವು.

ಹೊರನಾಡ ಕನ್ನಡಿಗರಾದ ನಮಗೆ ಈ ವಿಚಾರವು ಕೇವಲ ಪಾಂಡಿತ್ಯದ್ದಲ್ಲ. ನಮ್ಮಲ್ಲಿ ಹೆಚ್ಚಿನವರು ಈ ನಗರಗಳಿಗೆ ಬಂದವರು, ಬಂದು ಕೊಂಡವರು. ಹೊಸಬನು ಊರಿಗೆ ಕಾಣಿಕೆಯನ್ನು ಸಲ್ಲಿಸುವುದರಲ್ಲಿ ಅವಮಾನವಿಲ್ಲ. ಊರು ತನಗೂ ಸೇರಿದುದೆಂಬ ಹಕ್ಕು ಅದರಿಂದ ಹುಟ್ಟಬೇಕು. ಹಕ್ಕು ಹುಟ್ಟುವುದು ಮಾತ್ರ ಕೊಟ್ಟ ಹಣದ ಜಾಡು ತಿಳಿದಾಗ. ವರ್ಷ ವರ್ಷವೂ ಎಲ್ಲರೂ ಶಕ್ತ್ಯನುಸಾರ ತೆರುವ ಮನೆತೆರಿಗೆಯೇ ನಗರದ ಮುಖ್ಯಾಧಾರವಾಗಿ, ಕ್ರಯದ ಶುಲ್ಕವು ಹಗುರವಾಗಿ, ಅದರಲ್ಲಿ ನಗರದ ಪಾಲು ಕಾಯಿದೆಯಿಂದಲೇ ನಿರ್ಧಾರವಾಗುವುದು ನ್ಯಾಯದ ಮಾರ್ಗ. ಕೆರೆಯ ಏರಿಯ ಮೇಲೆ ಕಲ್ಲು ನೆಟ್ಟು ಯಾವ ಉತ್ಪತ್ತಿ ಯಾವ ಕೆಲಸಕ್ಕೆಂದು ಬರೆಯಿಸಿದವರ ವಂಶದವರು ಕ್ರಯಪತ್ರದ ಆರು ಲಕ್ಷದ ವಿಷಯದಲ್ಲಿಯೂ ಅಷ್ಟನ್ನು ಕೇಳಿದರೆ ಅದು ಅತಿಯಾಸೆಯಾಗಲಾರದು.