ಕೆಂಗಲ್ಲರ ಲೆಕ್ಕ

ಫಜಲ್ ಅಲಿ ಆಯೋಗದ ವರದಿಯಲ್ಲಿ ಕರ್ನಾಟಕದ ಬಗ್ಗೆ ಇರುವ ಅಧ್ಯಾಯ ದೊಡ್ಡದೇನಲ್ಲ, ಕೂತ ಕಡೆಯೇ ಓದಿ ಮುಗಿಸಬಹುದು. ರಾಜ್ಯಗಳ ಗಡಿಯನ್ನು ಹೊಸದಾಗಿ ಎಳೆಯುವ ಕೆಲಸಕ್ಕೆ 1953ರ ಡಿಸೆಂಬರಿನಲ್ಲಿ ನೇಮಕವಾದ ಆ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಒಪ್ಪಿಸಿತು. ಅದರಲ್ಲೊಂದು ಕಡೆ ಜಾತಿಯ ಲೆಕ್ಕ ಬರುತ್ತದೆ. ಆಗಿನ ಮೈಸೂರು ರಾಜ್ಯದಲ್ಲಿ ಒಕ್ಕಲಿಗರು ಶೇಕಡ 29ಕ್ಕೆ ತುಸು ಕಡಿಮೆ. ಕನ್ನಡ ಸೀಮೆಯೆಲ್ಲ ಒಂದಾದರೆ ಅದೇ ಒಕ್ಕಲಿಗರು ಶೇಕಡ 13ರಿಂದ 14. ಮೈಸೂರಿನ ಹೊರಗಿನ ಕನ್ನಡ ಜಿಲ್ಲೆಗಳಲ್ಲಿ ಲಿಂಗಾಯತರು 35ರಿಂದ 40, ಒಂದಾದ ರಾಜ್ಯದಲ್ಲಿ 20ರ ಮೇಲೆ ಸ್ವಲ್ಪ. ಹರಿಜನರು 17–18. ಯಾವೊಂದು ಜಾತಿಯೂ ಉಳಿದವರ ಮೇಲೆ ಸವಾರಿ ಮಾಡುವಷ್ಟು ದೊಡ್ಡದಾಗುವುದಿಲ್ಲ, ಆದ್ದರಿಂದ ಅಂಜಬೇಕಾಗಿಲ್ಲ ಎಂಬುದು ಆಯೋಗದ ವಾದ.

ಇಪ್ಪತ್ತೊಂಬತ್ತೆಲ್ಲಿ, ಹದಿಮೂರೆಲ್ಲಿ! ಹಳೇ ಮೈಸೂರಿನ ಕಾಂಗ್ರೆಸ್ ಶಾಸಕರ ಕಿವಿಗೆ ಸಮಾಧಾನದ ಮಾತು ಬೀಳಲಿಲ್ಲ, ಅಂಕಿಗಳಷ್ಟೇ ಬಿದ್ದವು. ಅವರ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರೂ ಒಕ್ಕಲಿಗರೇ, ವಕೀಲರು ಬೇರೆ. ಈ ಕೂಡಿ ಕಳೆಯುವ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿದ್ದೂ ಅವರು ಏಕೀಕರಣದ ಪರವಾಗಿ ನಿಂತರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಹುಟ್ಟುವ ಹೊತ್ತಿಗೆ ಅವರು ಕುರ್ಚಿ ಕಳೆದುಕೊಂಡು ಎರಡು ತಿಂಗಳ ಮೇಲಾಗಿತ್ತು.

ನಾನು ರಾಮನಗರದವಳು, ಅಂದರೆ ಕೆಂಗಲ್ಲರ ಕ್ಷೇತ್ರದವಳು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದೆ. ನಮ್ಮ ದೊಡ್ಡಪ್ಪ ರೇಷ್ಮೆಗೂಡಿನ ವ್ಯಾಪಾರಿ. 1947ರ ಮೈಸೂರು ಚಲೋ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದ ಕಾಂಗ್ರೆಸ್ಸಿಗರು, ಸಾಯುವತನಕ ಖಾದಿ ಬಿಡಲಿಲ್ಲ. ಕೆಂಗಲ್ಲರನ್ನು ಅವರು ಒಂದು ಕಾಲಕ್ಕೆ ದೇವರ ಪಕ್ಕದಲ್ಲಿ ಇಟ್ಟಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಆ ಹೆಸರೆತ್ತಿದರೆ ಸಾಕು, ಎಲೆ ಅಡಿಕೆ ತಟ್ಟೆ ದೂರ ತಳ್ಳುತ್ತಿದ್ದರು. "ಮಾಡಿದ್ದು ಸರಿನೇ ಕಣವ್ವಾ, ಯಾರು ಇಲ್ಲ ಅಂದ್ರು? ಒಂದು ಮಾತು ನಮ್ಮನ್ನ ಕೇಳಬೇಕಿತ್ತು" ಎನ್ನುತ್ತಿದ್ದರು. ನಾನು ದಫ್ತರಗಳಲ್ಲಿ ಎಷ್ಟು ಕೆದಕಿದರೂ ಈ ಮಾತಿನಷ್ಟು ಚುರುಕಾದ ಟೀಕೆ ಇನ್ನೊಂದು ಸಿಗಲಿಲ್ಲ.

ಏಕೀಕರಣದ ವಿರೋಧಿಗಳನ್ನು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ, ಜಾತಿವಾದಿಗಳು, ಸಣ್ಣ ಮನಸ್ಸಿನವರು ಎಂದು. ಅಷ್ಟು ಸಲೀಸಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕನ್ನಂಬಾಡಿ ಕಟ್ಟೆ: ಇಷ್ಟನ್ನೂ ಕಟ್ಟಿಕೊಂಡ ರಾಜ್ಯ ಅದು. ಪಕ್ಕದಲ್ಲಿ ಕೂತಿದ್ದದ್ದು ಮುಂಬಯಿಯವರು ಕೇಳದ ಧಾರವಾಡ, ಬಿಜಾಪುರ. ನಿಜಾಮರು ಕೇಳದ ರಾಯಚೂರು, ಗುಲ್ಬರ್ಗ, ಬೀದರ. ಇವರಿಗೆಲ್ಲ ರಸ್ತೆ, ಶಾಲೆ, ನೀರು ಕೊಡುವ ಹಣ ನಮ್ಮ ಗಂಟಿನಿಂದಲೇ ಹೋಗಬೇಕಲ್ಲ ಎಂದು ಮಂಡ್ಯದ ರೈತನೊಬ್ಬ ಕೇಳಿದರೆ ಅದರಲ್ಲಿ ತಪ್ಪೇನು? ಹನುಮಂತಯ್ಯನವರ ಸರ್ಕಾರವೇ ನೇಮಿಸಿದ ಶೇಷಾದ್ರಿ ಸಮಿತಿಯೂ ಆ ಜಿಲ್ಲೆಗಳ ಹಿಂದುಳಿದ ಸ್ಥಿತಿಯನ್ನು, ಮೈಸೂರಿನ ಮೇಲೆ ಬೀಳುವ ಹೊರೆಯನ್ನು ಮುಂದಿಟ್ಟಿತ್ತು. ಕನ್ನಡಕ್ಕೆ ಎರಡು ರಾಜ್ಯ ಇದ್ದರೇನಂತೆ ಎಂಬ ವಾದ ಆಯೋಗದ ಮುಂದೆಯೂ ಹೋಗಿ ಬಂತು. ಆಯೋಗ ಅದನ್ನು ಒಪ್ಪಲಿಲ್ಲ.

ಶೇಷಾದ್ರಿ ಸಮಿತಿಯ ನೇಮಕವನ್ನು ಉತ್ತರದ ಕನ್ನಡಿಗರು ನೋಡಿದ್ದು ಬೇರೆ ಕಣ್ಣಿನಿಂದ. ಇದು ದಿನ ದೂಡುವ ಉಪಾಯ ಎಂದು ಅವರಿಗೆ ಅನ್ನಿಸಿತು. ಅನ್ನಿಸುವುದಕ್ಕೆ ಕಾರಣವೂ ಇತ್ತು. 1953ರಲ್ಲಿ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಮುಂಬಯಿ ಶಾಸನಸಭೆಯ ಸ್ಥಾನಕ್ಕೆ ರಾಜೀನಾಮೆ ಬಿಸಾಡಿದ್ದರು. ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಆಮರಣ ಉಪವಾಸ ಕೂತಿದ್ದರು. ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ನಾಯಕರು ಸಭೆ ಸೇರಿದಾಗ ಜನ ಅವರನ್ನೇ ಮುತ್ತಿದರು, ಊರು ಹೊತ್ತಿಕೊಂಡಿತು. ಅಲ್ಲಿ ಜೀವ ಒತ್ತೆಯಿಟ್ಟು ಕೂತವರಿಗೆ ಇಲ್ಲಿ ಬೆಂಗಳೂರಿನಲ್ಲೊಬ್ಬ ಮುಖ್ಯಮಂತ್ರಿ ಅಂಕಿಸಂಖ್ಯೆ ಕಲೆಹಾಕುತ್ತಿದ್ದಾನೆಂದರೆ ಮೈ ಉರಿಯದೆ ಇರುತ್ತದೆಯೇ? ನಾನಾದರೂ ಹೇಳುವುದು, ಹನುಮಂತಯ್ಯನವರು ಹುಟ್ಟು ಏಕೀಕರಣವಾದಿಯಲ್ಲ. ಆಲೂರು ವೆಂಕಟರಾಯರಂತೆ ಕನಸು ಕಂಡು ಬಂದವರಲ್ಲ. ತಡೆದರು, ತೂಗಿದರು, ಕೊನೆಗೆ ಒಂದು ಕಡೆ ನಿಂತರು. ನಿಂತ ಮೇಲೆ ಮಾತ್ರ ಹಿಂದೆ ಸರಿಯಲಿಲ್ಲ.

ಆಯೋಗದ ವರದಿಯ ಮೇಲೆ 1955ರ ಕೊನೆಯಲ್ಲಿ ಮೈಸೂರು ವಿಧಾನಸಭೆಯಲ್ಲಿ ಚರ್ಚೆಯಾಯಿತು. ಆಗಿನ್ನೂ ವಿಧಾನಸೌಧ ತೆರೆದಿರಲಿಲ್ಲ. ಸಂವಿಧಾನದಡಿ ಚುನಾಯಿತವಾದ ಮೊದಲ ಸಭೆ 1952ರ ಜೂನ್ 18ರಿಂದ ಕೂರುತ್ತಿದ್ದದ್ದು ಅಠಾರಾ ಕಚೇರಿಯಲ್ಲಿ, ಈಗ ಹೈಕೋರ್ಟ್ ಇರುವ ಆ ಕೆಂಪು ಕಟ್ಟಡದಲ್ಲಿ. ಚುನಾಯಿತರು 99 ಮಂದಿ, ನಾಮಕರಣಗೊಂಡವರು ಒಬ್ಬರು. 1953ರ ಅಕ್ಟೋಬರಿನಲ್ಲಿ ಬಳ್ಳಾರಿಯ ತಾಲ್ಲೂಕುಗಳು ಬಂದ ಮೇಲೆ ಇನ್ನೈದು ಜನ. ಚರ್ಚೆ ನಡೆದಾಗ ಆಡಳಿತ ಪಕ್ಷದ ಸಾಲುಗಳೇ ಎರಡು ಹೋಳಾದವು. ಮುಖ್ಯಮಂತ್ರಿ ಏಕೀಕರಣ ಬೇಕೆಂದರು; ಅವರ ಬೆನ್ನ ಹಿಂದೆ ಕೂತವರಲ್ಲಿ ಬಹಳ ಜನ ಬೇಡವೆಂದರು. ಎದುರು ಸಾಲಿನ ಸಮಾಜವಾದಿ ಶಾಂತವೇರಿ ಗೋಪಾಲಗೌಡರು, ಸರ್ಕಾರವನ್ನು ದಿನಾ ತರಾಟೆಗೆ ತೆಗೆದುಕೊಳ್ಳುತ್ತಿದ್ದವರು, ಈ ಒಂದು ವಿಷಯದಲ್ಲಿ ಮುಖ್ಯಮಂತ್ರಿಯ ಜೊತೆಗೆ.

ಆಗ ಹನುಮಂತಯ್ಯನವರ ಪರ ಯಾರು ಯಾರಿದ್ದರು ಎಂದು ನೋಡಿದರೆ ಪಟ್ಟಿ ಘನವಾದದ್ದೇ. ರಾಜಪ್ರಮುಖ ಜಯಚಾಮರಾಜ ಒಡೆಯರು ತಮ್ಮ ವಂಶದ ರಾಜ್ಯ ಕರಗಿಹೋಗುತ್ತದೆಂದು ತಿಳಿದೂ ಒಪ್ಪಿದ್ದರು. ಕುವೆಂಪು ಇದ್ದರು. ಧಾರವಾಡ, ಬಿಜಾಪುರ, ಮಂಗಳೂರು, ಗುಲ್ಬರ್ಗದ ಕಾಂಗ್ರೆಸ್ಸಿಗರಿದ್ದರು. ಗೋಪಾಲಗೌಡರಿದ್ದರು. ಕೊನೆಗೆ ದೆಹಲಿಯೂ ಇತ್ತು. ಆದರೆ ಇವರಲ್ಲಿ ಒಬ್ಬರಿಗೂ ಮೈಸೂರು ಕಾಂಗ್ರೆಸ್ ಶಾಸಕಾಂಗ ಪಕ್ಷದಲ್ಲಿ ಓಟಿರಲಿಲ್ಲ. ಓಟಿದ್ದವರು ಜೊತೆಯಲ್ಲಿ ಜೈಲು ಕಂಡವರು, ಒಟ್ಟಿಗೆ ಉಂಡವರು, ನೆಂಟರು, ಒಂದೇ ಹಾಸ್ಟೆಲಿನಲ್ಲಿ ಓದಿದವರು. ಹನುಮಂತಯ್ಯನವರ ಒಂಟಿತನವೆಂದರೆ ಇದೇ. ಜನವಿಲ್ಲದ ಒಂಟಿತನವಾಗಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಹೊರಗೆ ಜೈಕಾರ ಕೇಳುತ್ತಿರುವಾಗ ಒಳಗಿನ ಕೋಣೆ ಖಾಲಿಯಾಗುತ್ತಾ ಬಂದದ್ದು ಅದು.

ಈ ಮಾತು ಹೇಳಿ ಅವರನ್ನು ಹುತಾತ್ಮರನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಒಂಟಿಯಾಗಲು ಅವರೂ ಸಾಕಷ್ಟು ದುಡಿದಿದ್ದರು. ವಿಧಾನಸೌಧದ ಕತೆಯನ್ನೇ ನೋಡಿ. 1951ರ ಜುಲೈ 13ರಂದು ನೆಹರೂ ಅಡಿಗಲ್ಲಿಟ್ಟಾಗ ಆಗಿನ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಮನಸ್ಸಿನಲ್ಲಿದ್ದದ್ದು ಸಾಧಾರಣ ಕಚೇರಿ ಕಟ್ಟಡ. ಮರುವರ್ಷ ಪಟ್ಟಕ್ಕೆ ಬಂದ ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿಟ್ಟು ಬಿ.ಆರ್. ಮಾಣಿಕ್ಯಂ ಅವರಿಂದ ಗೋಪುರ, ಕಂಬಸಾಲು, ಮೆಟ್ಟಿಲಿನ ಸಾಲುಗಳಿದ್ದ ಹೊಸ ನಕ್ಷೆ ಮಾಡಿಸಿದರು. ಬ್ರಿಟಿಷರ ಅಠಾರಾ ಕಚೇರಿಯ ನೇರ ಎದುರಿಗೆ ಅದನ್ನು ಕುಬ್ಜವಾಗಿಸುವ ಕಲ್ಲಿನ ರಾಶಿ ಎದ್ದಿತು. ಐದು ಸಾವಿರದ ಆಸುಪಾಸು ಕೂಲಿಗಳು, ಸಾವಿರಗಟ್ಟಲೆ ಕಲ್ಲುಕುಟಿಗರು, ಸಾಲದ್ದಕ್ಕೆ ಜೈಲಿನ ಕೈದಿಗಳು. ಮುಖ್ಯಮಂತ್ರಿ ತಾವೇ ಬಂದು ನಿಂತು ನೋಡುತ್ತಿದ್ದರು, ಇದು ಹೀಗಿರಲಿ ಅದು ಹಾಗಿರಲಿ ಎನ್ನುತ್ತಿದ್ದರು. ಖರ್ಚು ಎರಡು ಕೋಟಿಯ ಹತ್ತಿರಕ್ಕೆ ಹೋಯಿತು. ಅಂದಿನ ಎರಡು ಕೋಟಿ! ಆಮೇಲೆ ಅದರ ಮೇಲೆ ವಿಚಾರಣೆಯೂ ನಡೆಯಿತು. ಸರ್ಕಾರದ ಕೆಲಸ ದೇವರ ಕೆಲಸ ಎಂದು ಬಾಗಿಲ ನೆತ್ತಿಯ ಮೇಲೆ ಕೆತ್ತಿಸಿದ ಮನುಷ್ಯ ದೇವರ ಪೂಜಾರಿ ತಾನೊಬ್ಬನೇ ಎಂಬಂತೆ ನಡೆದುಕೊಂಡರೆ ಉಳಿದ ಪೂಜಾರಿಗಳು ಸುಮ್ಮನಿರುತ್ತಾರೆಯೇ?

ಶಾಸಕರ ಹೆಗಲ ಮೇಲೆ ಕೈಯಿಟ್ಟು ಯೋಗಕ್ಷೇಮ ಕೇಳುವ ಜಾಯಮಾನ ಅವರದಲ್ಲವೆಂದು ಆ ಕಾಲ ಕಂಡವರು ಹೇಳುತ್ತಾರೆ. ಕುಮಾರವ್ಯಾಸನ ಭಾರತ ಕೇಳುತ್ತ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಆ ಭಾರತ ಎರಡು ರೂಪಾಯಿಗೆ ಬಡವರ ಮನೆಗೂ ಸಿಗುವಂತಾದದ್ದರ ಹಿಂದೆ ಅವರ ಹಟವಿತ್ತು. ನಮ್ಮ ಮನೆಯಲ್ಲೂ ಒಂದು ಪ್ರತಿ ಇದೆ. ದೊಡ್ಡಪ್ಪ ಅದನ್ನು ಎಸೆಯಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

1956ರ ಆಗಸ್ಟಿನಲ್ಲಿ ಶಾಸಕಾಂಗ ಪಕ್ಷ ಅವರ ಕೈಬಿಟ್ಟಿತು. 19ರಂದು ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಯಾದರು. ಏಕೀಕರಣ ಒಂದೇ ಕಾರಣವೆಂದರೆ ತಪ್ಪಾದೀತು. ಕಟ್ಟಡ, ಖರ್ಚು, ಗತ್ತು ಎಲ್ಲ ಸೇರಿತ್ತು. ಏಕೀಕರಣ ಕಾರಣವೇ ಅಲ್ಲ ಎನ್ನುವುದು ಇನ್ನೂ ದೊಡ್ಡ ತಪ್ಪು. ವಿಚಿತ್ರವೆಂದರೆ, ಅವರನ್ನು ಕೆಳಗಿಳಿಸಿದ್ದರಿಂದ ಗಡಿಯ ಗೆರೆ ಒಂದಿಂಚೂ ಸರಿಯಲಿಲ್ಲ. ಅದೇ ತಿಂಗಳ ಕೊನೆಗೆ ದೆಹಲಿಯಲ್ಲಿ ಕಾನೂನು ಆಗಿಯೇ ಹೋಯಿತು. ಮಂಜಪ್ಪನವರದು ಎರಡೂವರೆ ತಿಂಗಳ ಆಡಳಿತ, ಅಕ್ಟೋಬರ್ 31ಕ್ಕೆ ಮುಗಿಯಿತು. ಮರುದಿನ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಬೆಂಗಳೂರಿನಲ್ಲಿ ಹೊಸ ರಾಜ್ಯವನ್ನು ಉದ್ಘಾಟಿಸಿದರು, ಎಸ್. ನಿಜಲಿಂಗಪ್ಪನವರು ಪ್ರಮಾಣ ತೆಗೆದುಕೊಂಡರು. ಡಿಸೆಂಬರ್ 19ರಂದು ವಿಧಾನಸೌಧದಲ್ಲಿ ಹೊಸ ಸಭೆಯ ಮೊದಲ ಬೈಠಕ್ಕು. ಅದನ್ನು ಕಟ್ಟಿಸಿದವರಿಗೆ ಅಲ್ಲಿ ಇದ್ದದ್ದು ಸಾಮಾನ್ಯ ಸದಸ್ಯನ ಜಾಗ.

ಉತ್ತರದವರು ಅವರನ್ನು ಎತ್ತಿಕೊಂಡು ಮೆರೆಸಿದರೇ? ಇಲ್ಲ. ಅವರಿಗೆ ಅವರದೇ ಆದ ನಾಯಕರಿದ್ದರು, ಅವರದೇ ಉಪವಾಸಗಳ ನೆನಪಿತ್ತು. ಬೆಂಗಳೂರಿನ ಒಬ್ಬ ಮುಖ್ಯಮಂತ್ರಿ ಕೊನೆಗಳಿಗೆಯಲ್ಲಿ ಬಂದು ಸೇರಿದ್ದು ಅವರ ಕಣ್ಣಿಗೆ ತ್ಯಾಗವಾಗಿ ಕಾಣಬೇಕಾದ್ದೂ ಇರಲಿಲ್ಲ.

ಇನ್ನು ಆ ಲೆಕ್ಕ. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ: 1971ರವರೆಗೆ ಮುಖ್ಯಮಂತ್ರಿಗಳೆಲ್ಲ ಲಿಂಗಾಯತರು. ಆಮೇಲೆ ದೇವರಾಜ ಅರಸರು ಬಂದು ಆಟದ ಚೌಕವನ್ನೇ ಬದಲಿಸಿದರು. ಮಂಜಪ್ಪನವರ ನಂತರ ಒಕ್ಕಲಿಗರೊಬ್ಬರು ಆ ಕುರ್ಚಿಗೆ ಬಂದದ್ದು 1994ರ ಡಿಸೆಂಬರಿನಲ್ಲಿ, ಎಚ್.ಡಿ. ದೇವೇಗೌಡರು. 38 ವರ್ಷ ಕಾಯಬೇಕಾಯಿತು. ಅವರು ಗೆದ್ದು ಬಂದದ್ದೂ ರಾಮನಗರದಿಂದಲೇ. ಅಂದರೆ 1955ರಲ್ಲಿ ಬೇಡ ಬೇಡ ಎಂದವರ ಲೆಕ್ಕ ತಪ್ಪಿರಲಿಲ್ಲ. ಲೆಕ್ಕ ಸರಿಯಿತ್ತೆಂಬ ಕಾರಣಕ್ಕೆ ಅವರ ಮಾತು ಕೇಳಬೇಕಿತ್ತೇ ಎಂದರೆ, ಬೀದರಿನ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂತು ನನ್ನ ರಾಮನಗರದ ಕನ್ನಡಕ್ಕೆ ನಗುತ್ತಿದ್ದ ವರ್ಷಗಳನ್ನು ನೆನೆದು, ಬೇಡವಿತ್ತು ಎನ್ನುತ್ತೇನೆ. ದೊಡ್ಡಪ್ಪ ಒಪ್ಪುತ್ತಿರಲಿಲ್ಲ.

ಹನುಮಂತಯ್ಯನವರು ಮೂಲೆ ಸೇರಲಿಲ್ಲ. 1962ರಿಂದ ಬೆಂಗಳೂರಿನ ಲೋಕಸಭಾ ಸದಸ್ಯರು. ಮೊರಾರ್ಜಿ ದೇಸಾಯಿಯವರ ನಂತರ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರು, 1971ರಲ್ಲಿ ಕೇಂದ್ರದ ರೈಲ್ವೆ ಮಂತ್ರಿ. ಅಲ್ಲೂ ಬಹಳ ದಿನ ಬಾಳಲಿಲ್ಲ. ಮರುವರ್ಷವೇ ಹೊರಗೆ ಬಂದರು.

ಕೊನೆಯ ಚುನಾವಣೆ 1977ರದು. ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಸೋತ ಇಬ್ಬರಲ್ಲಿ ಬೆಂಗಳೂರು ದಕ್ಷಿಣದ ಕೆ. ಹನುಮಂತಯ್ಯನವರು ಒಬ್ಬರು. ಗೆದ್ದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ, ಹಿರಿತನ ಮೀರಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದಕ್ಕೆ 1973ರಲ್ಲಿ ಸುಪ್ರೀಂ ಕೋರ್ಟು ಬಿಟ್ಟವರು, ಮುಂದೆ ಲೋಕಸಭೆಯ ಸ್ಪೀಕರಾದವರು. ಈ ಹೆಗ್ಡೆಯವರು ದಕ್ಷಿಣ ಕನ್ನಡದವರು. 1956ರವರೆಗೆ ಅದು ಮದ್ರಾಸಿನ ಜಿಲ್ಲೆ. ರಾಜ್ಯಸಭೆಗೆ ಅವರು ಹೋಗಿದ್ದದ್ದೂ ಮದ್ರಾಸಿನಿಂದಲೇ. ರಾಜ್ಯ ಒಂದಾದ ಮರುವರ್ಷ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿ ಬೆಂಗಳೂರಿಗೆ ಬಂದು ಅಠಾರಾ ಕಚೇರಿಯಲ್ಲಿ ಕೂತರು, ವಿಧಾನಸೌಧದ ಎದುರಿಗೇ.